ಇನ್ನಾಸಪ್ಪನವರ ತಪಸ್ಸುಕಾಲ

ತಾಂಡ್ಯದ ಫ್ಯಾಕ್ಟರಿಗೆ ಸೇರಿದ ವರ್ಷ ಫೋರ್‌ಮನ್ ಇನ್ನಾಸಪ್ಪನವರ ಹಣೆಯಲ್ಲಿ ಬೂದಿ ಕಂಡು, ಇವರೂ ನಮ್ಮ ನಂಜುಂಡೇಶ್ವರನ ಒಕ್ಕಲಾದರೆಂದು ಹಿಗ್ಗಿ ಕೈಮುಗಿದ ಪೆದ್ದ ನಾನು. ಅದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಬೂದಿಯಂತೆ. ಅಂದಿನಿಂದ ಹಬ್ಬದವರೆಗೆ ಅವರು ಮಾಂಸ ಬಿಡುತ್ತಾರೆ, ಬೀಡಿ ಬಿಡುತ್ತಾರೆ, ಟೀಗೆ ಸಕ್ಕರೆಯನ್ನೂ ಬಿಡುತ್ತಾರೆ. "ದೇಹ ದಂಡಿಸ್ಬೇಕು ಕಣ್ಲಾ" ಎನ್ನುತ್ತ ಕ್ಯಾಂಟೀನಿನ ಮೊಟ್ಟೆಯನ್ನು ನನ್ನ ತಟ್ಟೆಗೆ ತಳ್ಳುತ್ತಾರೆ. ಹೀಗೆ ಅವರ ತಪಸ್ಸಿನಿಂದ ದಪ್ಪಗಾಗುವವನು, ಮನೆಯಲ್ಲಿ ಮೊಟ್ಟೆಯ ಹೆಸರೆತ್ತದ ನಾನು. ಶುಕ್ರವಾರ ಬರಿಗಾಲಲ್ಲಿ ಶಿಲುಬೆ ಹೊತ್ತು ಚರ್ಚ್ ಸುತ್ತುತ್ತಾರೆ. ನಮ್ಮ ಜಾತಿಯ ಹುಡುಗನನ್ನು ಮದುವೆಯಾದ ಮಗಳು ಲೂರ್ದು, ಕೂಸನ್ನೆತ್ತಿಕೊಂಡು ಗೇಟಿನಲ್ಲಿ ನಿಂತು "ಅಪ್ಪಾ" ಎಂದರೆ, ಶಿಲುಬೆಯನ್ನು ಅವಳ ಕಡೆಯ ಹೆಗಲಿಗೆ ಬದಲಿಸಿ ಮುಖ ಮರೆಮಾಡಿಕೊಳ್ಳುತ್ತಾರೆ. ಈ ಸಲ ಕಣ್ಣಾರೆ ಕಂಡು, "ಇಷ್ಟೆಲ್ಲ ಬಿಟ್ರಿ ಸಾ, ಆ ಸಿಟ್ಟೊಂದು ಬಿಡಕಾಗಲ್ವಾ?" ಎಂದೆ. "ಮಾಂಸ ಬಿಟ್ರೆ ಹಬ್ಬಕ್ಕೆ ವಾಪಸ್ ಸಿಕ್ತದೆ ಕಣ್ಲಾ. ಸಿಟ್ಟು ಒಂದ್ಸಲ ಬಿಟ್ರೆ ಮತ್ತೆ ಸಿಕ್ಕಾಕಿಲ್ಲ."