ಎಲೆನಕ್ಕನ ನಡುಪಟ್ಟಿ

ಎಲೆನಕ್ಕ ತಮ್ಮ ಮಗಳ ಮೇಲೆ ಹೊರಿಸಿದ ತಪ್ಪು ನಾನು ಮಾಡಿದ್ದು. ಅವರು ಬದುಕಿರುವಷ್ಟು ಕಾಲ ನಾನಿದನ್ನು ಹೇಳಲಿಲ್ಲ. ಹೋದ ತಿಂಗಳು ಅವರು ತೀರಿಕೊಂಡರು. ಈಗ ಹೇಳುತ್ತಿದ್ದೇನೆ — ಈಗ ಹೇಳುವುದು ಸುಲಭ ಎಂಬುದೂ ನನಗೆ ಗೊತ್ತು.

ಎಲ್ಲ ಸರಿಯಾಗಿದ್ದ ಕೊನೆಯ ದಿನ ಚೆನ್ನಾಗಿ ನೆನಪಿದೆ. ಡಾಟ್‌ಕಾಮ್ ಕಂಪನಿಗಳು ದಿನಕ್ಕೊಂದು ಹುಟ್ಟುತ್ತಿದ್ದ ಕಾಲ. ನಮ್ಮವರು ಅಂಥದ್ದೊಂದರಲ್ಲಿ ಕೆಲಸಕ್ಕಿದ್ದರು. ನಾನು ನಂಜನಗೂಡಿನಲ್ಲಿ ಪಿಯುಸಿ ಮುಗಿಸಿ, ಮದುವೆಯಾಗಿ ಅಮೆರಿಕದ ಸ್ಯಾನ್ ಹೊಸೆಗೆ ಬಂದವಳು; ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ, ಹಗಲಿಡೀ ಒಬ್ಬಳೇ. ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದ ಮನೆ ಎಲೆನಕ್ಕನದು. ಅರ್ಜೆಂಟೀನಾದ ದಕ್ಷಿಣಕ್ಕಿರುವ ಪಟಗೋನಿಯಾದಿಂದ ಬಂದವರು. ಗಂಡ ಇರಲಿಲ್ಲ, ಮಗಳು ಲೂಸಿಯಾ ಕಾಲೇಜಿಗೆ ಹೋಗುತ್ತಿದ್ದಳು. ಎಲೆನಕ್ಕ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮುಗಿಸಿ ಮಧ್ಯಾಹ್ನ ಬಂದು ಮಗ್ಗದ ಮುಂದೆ ಕೂರುತ್ತಿದ್ದರು. ವನಜಾ ಎಂಬ ನನ್ನ ಹೆಸರು ಅವರ ಬಾಯಲ್ಲಿ ‘ಬನಾಹಾ’ ಆಗುತ್ತಿತ್ತು. ‘ಊಟ ಆಯ್ತಾ’ ಎಂಬ ಒಂದು ಮಾತು ಕಲಿಸಿದ್ದೆ. ಬೆಳಗಾಗುತ್ತಲೇ ಎದುರು ಸಿಕ್ಕರೂ ಅದನ್ನೇ ಕೇಳುತ್ತಿದ್ದರು. ಮಿಕ್ಕಂತೆ ನಮ್ಮಿಬ್ಬರದೂ ಹರಕು ಇಂಗ್ಲಿಷು. ಇಲ್ಲಿ ಅದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಅವರ ತಾಯಿಯ ಕಡೆಯವರು ಅಲ್ಲಿನ ಮೂಲನಿವಾಸಿಗಳಾದ ಮಾಪುಚೆ ಜನ. ತಂದೆಯ ತಾಯಿ ಅಲ್ಲಿನದೇ ಇನ್ನೊಂದು ಬುಡಕಟ್ಟಾದ ತೆವೆಲ್ಚೆಯವಳು. ಗೋಡೆಯ ಮೇಲೆ ಅಂಗೈಯಗಲದ ಒಂದು ತೊಗಲಿನ ತುಂಡಿತ್ತು — ಗ್ವಾನಾಕೊ ಎಂಬ, ಒಂಟೆಯ ಜಾತಿಗೆ ಸೇರಿದ ಪ್ರಾಣಿಯದು. ಒಂದು ಮಗ್ಗುಲು ತುಪ್ಪಳ, ಇನ್ನೊಂದು ಮಗ್ಗುಲಿಗೆ ಕೆಂಪು ಕಪ್ಪು ಬಣ್ಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು. ತೆವೆಲ್ಚೆಗಳು ತುಪ್ಪಳ ಒಳಗೆ ಮಾಡಿ, ಬಣ್ಣ ಹೊರಗೆ ಮಾಡಿ ಹೊದೆಯುತ್ತಿದ್ದರಂತೆ. ಸತ್ತವರ ಹೊದಿಕೆ ಸತ್ತವರ ಜೊತೆಗೇ ಹೋಗಬೇಕಂತೆ. “ಅದಕ್ಕೇ ಇಷ್ಟೇ ಉಳಿದಿದೆ. ಇದೂ ನನ್ನ ಜೊತೆ ಬರುತ್ತೆ,” ಎನ್ನುತ್ತಿದ್ದರು, ಕೊಡೆ ಮರೆಯದೆ ತೆಗೆದುಕೊಂಡು ಹೋಗುವವರ ಹಾಗೆ.

ಮಗ್ಗ ಮಾತ್ರ ತಾಯಿಯ ಕಡೆಯದು. ಗೋಡೆಗೆ ಒರಗಿಸಿದ ಮರದ ಚೌಕಟ್ಟು; ಅದರಲ್ಲಿ ಅವರು, ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಉಣ್ಣೆಯ ನಡುಪಟ್ಟಿ ನೇಯುತ್ತಿದ್ದರು. ಪಟ್ಟಿಯ ಮಧ್ಯೆ ಒಂದು ಆಕೃತಿ. ಮೊದಲು ನೋಡಿದರೆ ಬರೀ ಚೌಕ, ಬರೀ ಮೂಲೆ. ಕಣ್ಣು ಹೊಂದಿಕೊಂಡ ಮೇಲೆ ಮಂಡಿ ಕಾಣುತ್ತದೆ, ತಲೆ ಕಾಣುತ್ತದೆ — ಮಂಡಿಯೂರಿ ಬೇಡಿಕೊಳ್ಳುತ್ತಿರುವ ಮನುಷ್ಯನ ಆಕೃತಿ. ಕಟ್ಟಿಕೊಂಡವಳನ್ನೂ ಅವಳ ಹೊಟ್ಟೆಯಲ್ಲಿ ಹುಟ್ಟುವವರನ್ನೂ ಅದು ಕಾಯುತ್ತದೆ ಎಂದಿದ್ದರು ಎಲೆನಕ್ಕ. ಅವರ ಮನೆತನದಲ್ಲಿ ಅದನ್ನು ತಾಯಿಯೇ ಮಗಳಿಗೆ ಕಲಿಸಬೇಕು.

ಆ ದಿನ ಕಲಿಸುತ್ತಿದ್ದರು. ಮರುದಿನ ಅವರು ಕಾಯಿಲೆ ಬಿದ್ದ ಅಕ್ಕನನ್ನು ನೋಡಲು ಊರಿಗೆ ಹೊರಡುವುದಿತ್ತು. ಲೂಸಿಯಾ ಯಾವ ನೂಲು ಎತ್ತಬೇಕು, ಯಾವುದು ಬಿಡಬೇಕು ಎಂದು ತಡವರಿಸುತ್ತಿದ್ದಳು.

“ಮಾ, ಈಗ ಇದನ್ನೆಲ್ಲಾ ಕಂಪ್ಯೂಟರಲ್ಲೇ ಮಾಡ್ತಾರೆ.”

“ಹಾಗಾದ್ರೆ ಕಂಪ್ಯೂಟರನ್ನೇ ಸೊಂಟಕ್ಕೆ ಕಟ್ಕೋ,” ಎಂದರು ಎಲೆನಕ್ಕ. ನನ್ನ ಕಡೆ ತಿರುಗಿ, “ಬನಾಹಾ ನೋಡು, ಮಗ್ಗದ ಮೇಲಿಂದ ಕಣ್ಣೇ ತೆಗೀತಿಲ್ಲ. ನನ್ನ ಮಗಳು ಗಡಿಯಾರದ ಮೇಲಿಂದ ತೆಗೀತಿಲ್ಲ,” ಎಂದು ನಕ್ಕರು. ನಾವು ಮೂವರೂ ನಕ್ಕೆವು. ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಕೊನೆಯ ಸಲ ಕೇಳಿದ್ದು ಆವತ್ತು.

ನಾನು ಸುಮ್ಮನೆ ನೋಡುತ್ತಿರಲಿಲ್ಲ. ನೂಲುಗಳನ್ನು ಮನಸ್ಸಿನಲ್ಲೇ ಚುಕ್ಕಿ ಮಾಡಿಕೊಳ್ಳುತ್ತಿದ್ದೆ. ರಂಗೋಲಿ ಹಾಕುವವರಿಗೆ ಈ ಚಾಳಿ ಗೊತ್ತು. ಯಾರ ಬಾಗಿಲಲ್ಲಿ ಚಂದ ಕಂಡರೂ ನಿಂತು, ಚುಕ್ಕಿ ಎಣಿಸಿಕೊಂಡು ಬಂದು, ಮರುದಿನ ನಮ್ಮ ಬಾಗಿಲಲ್ಲಿ ಹಾಕುತ್ತೇವೆ. ಅದನ್ನು ಯಾರೂ ಕಳ್ಳತನ ಅನ್ನುವುದಿಲ್ಲ.

ಎಲೆನಕ್ಕ ಊರಿನಲ್ಲಿದ್ದಾಗ ದೀಪಾವಳಿ ಬಂತು. ನಾನು ಬಾಗಿಲ ಮುಂದೆ ಮಂಡಿಯೂರಿದ ಆಕೃತಿಯನ್ನು ಹಾಕಿದೆ. ಗೌರವದಿಂದಲೇ ಹಾಕಿದೆ — ಲಕ್ಷ್ಮಿಯ ಪಾದ ಬರೆಯುವುದಿಲ್ಲವೇ ನಾವು ಹೊಸ್ತಿಲಲ್ಲಿ? ಆವತ್ತು ನಮ್ಮವರ ಬಾಸು ಹೆಂಡತಿಯೊಂದಿಗೆ ಊಟಕ್ಕೆ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಫೋಟೋ ತೆಗೆದುಕೊಂಡು ಕೇಳಿದರು: ಇದು ನಿಮ್ಮ ಸಂಪ್ರದಾಯದ್ದಾ?

“ಹೌದು,” ಎಂದೆ. “ನಮ್ಮ ಮನೆಯದೇ.”

ಈ ದೇಶಕ್ಕೆ ಬಂದ ಮೇಲೆ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಅವತ್ತು ಕೇಳಿದರು. ಅಷ್ಟೇ — ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೆ ಸಿಗುವುದಿಲ್ಲ.

ಅತಿಥಿಗಳು ಹೋದ ಮೇಲೆ ನಮ್ಮವರು ಕೇಳಿದರು: “ಏನೇ, ನಮ್ಮನೇದು ಅಂದೆ? ನಿಮ್ಮಮ್ಮ ಹಾಕ್ತಿದ್ದಿದ್ದೆಲ್ಲಾ ಬರೀ ಕಮಲ ಅಲ್ವಾ?”

“ನಿಮಗೇನ್ರೀ ಗೊತ್ತು ರಂಗೋಲಿ ವಿಷ್ಯ? ಸುಮ್ನಿರಿ.”

ಅವರು ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋದರು.

ಕಂಪನಿ ಹೊಸ ಕಟ್ಟಡಕ್ಕೆ ಹೋದಾಗ ಮುಂದಿನ ಹಜಾರಕ್ಕೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದರು. ಅದರ ತುಂಬ, ಬಾಸು ತೆಗೆದುಕೊಂಡಿದ್ದ ಫೋಟೋದಿಂದ ಇಳಿಸಿದ, ಎಲೆನಕ್ಕನ ಪಟ್ಟಿಯ ಆಕೃತಿ. ನಮ್ಮವರ ಶಿಫಾರಸಿನಿಂದ ಲೂಸಿಯಾಗೆ ಅದೇ ಹಜಾರದಲ್ಲಿ, ಬಂದವರನ್ನು ವಿಚಾರಿಸುವ ಮೇಜಿನಲ್ಲಿ ಕೆಲಸ ಸಿಕ್ಕಿತ್ತು. ಊರಿನಿಂದ ಹಿಂತಿರುಗಿದ ಎಲೆನಕ್ಕ ಒಂದು ಸಂಜೆ ಮಗಳನ್ನು ಕರೆತರಲು ಹೋದರು. ಬಾಗಿಲು ತೆರೆದರೆ — ಬೂಟು ಹಾಕಿದವರು ಕಾಫಿ ಹಿಡಿದುಕೊಂಡು ಅವರ ಅಜ್ಜಿಯರ ಪ್ರಾರ್ಥನೆಯ ಮೇಲೆ ಓಡಾಡುತ್ತಿದ್ದರು.

ಮರುದಿನ ನಮ್ಮ ಮನೆಗೆ ಬಂದರು. ಒಲೆಯ ಮೇಲೆ ಟೀ ಕುದಿಯುತ್ತಿತ್ತು. ಕೂರಲಿಲ್ಲ.

“ಬನಾಹಾ, ಅದು ಅಲ್ಲಿಗೆ ಹೇಗೆ ಹೋಯ್ತು? ನಿನಗೆ ಏನಾದರೂ ಗೊತ್ತಾ?”

ಒಂದೇ ಮಾತು ಸಾಕಿತ್ತು. ನಮ್ಮ ವೀಸಾ ಆ ಕಂಪನಿಯ ಮೇಲೆ ನಿಂತಿತ್ತು, ನಾನು ಹೆದರಿದೆ. ಆದರೆ ಹೆದರಿದವಳು ಬಾಯಿ ಮುಚ್ಚಿಕೊಂಡಾದರೂ ಇರಬಹುದಿತ್ತು. ನಾನು ಹೇಳಿದ್ದು ಇದು: “ಈಗಿನ ಮಕ್ಕಳಿಗೆ ಇದರ ಬೆಲೆ ಏನು ಗೊತ್ತು, ಅಕ್ಕಾ.”

ಲೂಸಿಯಾಳ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಎಲೆನಕ್ಕ ತಲೆಯಾಡಿಸಿದರು, ಆಮೇಲೆ ಕೂತರು, ಟೀ ಕುಡಿದರು, ಲೋಟ ತಾವೇ ತೊಳೆದಿಟ್ಟು ಹೋದರು.

ವಾರ ಕಳೆಯುವುದರೊಳಗೆ ಲೂಸಿಯಾ ಕೆಲಸವನ್ನೂ ಮನೆಯನ್ನೂ ಬಿಟ್ಟು ಲಾಸ್ ಏಂಜಲೀಸಿಗೆ ಹೊರಟುಹೋದಳು. ಆಮೇಲೆ ತಾಯಿ ಮಗಳ ನಡುವೆ ಉಳಿದದ್ದು ಕ್ರಿಸ್‌ಮಸ್ಸಿಗೆ ಒಂದು ಫೋನು. ಕಂಪನಿಯೂ ಬೇಗನೆ ಮುಳುಗಿತು. ಕಾರ್ಪೆಟ್ಟನ್ನು ಸುರುಳಿ ಸುತ್ತಿ ಕುರ್ಚಿಗಳ ಜೊತೆ ಲಾರಿಗೆ ಹಾಕಿದರು ಎಂದು ನಮ್ಮವರು ಹೇಳಿದರು. ಅವರಿಗೆ ಬೇರೆ ಕೆಲಸ ಸಿಕ್ಕಿತು. ಹೆದರಲು ಇನ್ನೇನೂ ಉಳಿದಿರಲಿಲ್ಲ. ಆಗ ಹೇಳಬಹುದಿತ್ತು. ಅದರ ಮುಂದಿನ ವರ್ಷ ಹೇಳಬಹುದಿತ್ತು. ಪ್ರತಿ ವಾರ ಅವರ ಮನೆಯಲ್ಲಿ ಕೂತು ಟೀ ಕುಡಿದೆ — ಮಗ್ಗಕ್ಕೆ ಬೆನ್ನು ಹಾಕಿ. ಅವರು ಆ ಆಕೃತಿ ನೇಯುವುದನ್ನೇ ಬಿಟ್ಟಿದ್ದರು. ನಾನು ರಂಗೋಲಿ ಬಿಟ್ಟಿದ್ದೆ. ಯಾಕೆ ಎಂದು ಅವರು ಕೇಳಲಿಲ್ಲ.

ಹಲವು ವರ್ಷಗಳ ಮೇಲೆ ಎಲೆನಕ್ಕನೂ ಕಾಯಿಲೆ ಬಿದ್ದರು; ಅದು ಜೋರಾದ ಮೇಲೆ ಮತ್ತೆ ಮಗ್ಗ ಹೂಡಿದರು. ಮಗಳಿಗೆ ಒಂದು ಪಟ್ಟಿ. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ ಹೇಳಿದರು: “ಲೂಸಿಯಾ ಆಗ ಚಿಕ್ಕವಳು. ಗೊತ್ತಾಗದೆ ಮಾಡಿದಳು. ನಾನೇ ಕ್ಷಮಿಸಿಬಿಡಬೇಕಿತ್ತು.”

ಮಾಡದ ತಪ್ಪಿಗೆ ಮಗಳನ್ನು ಕ್ಷಮಿಸುತ್ತಿದ್ದರು. ನಾನು ಅವರ ಬಾಯಿ ಒರೆಸಿದೆ. ಇನ್ನೊಂದು ಚಮಚ ಕುಡಿಸಿದೆ.

ಲೂಸಿಯಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೋಡೆಯ ಮೇಲಿನ ತೊಗಲಿನ ತುಂಡನ್ನು ಅವಳೇ ತೆಗೆದು, ತಾಯಿಯ ಎದೆಯ ಮೇಲೆ, ಬಣ್ಣದ ಮಗ್ಗುಲು ಮೇಲಾಗಿ ಇಟ್ಟಳು. ಮಣ್ಣು ಮಾಡಿ ಬಂದ ಮೇಲೆ ಅವಳಿಗೆ ಹೇಳಿದೆ. ನಿಂತುಕೊಂಡೇ ಹೇಳಿದೆ, ಏನನ್ನೂ ಬಿಡದೆ. ಅವಳ ಕೂದಲೂ ಈಗ ಅಲ್ಲಲ್ಲಿ ನರೆತಿದೆ.

“ನೀವೇ ಅಂತ ನನಗೆ ಗೊತ್ತಿತ್ತು,” ಎಂದಳು. “ಆ ಹಬ್ಬದ ದಿನ ನಿಮ್ಮ ಬಾಗಿಲಲ್ಲಿ ನೋಡಿದ್ದೆ.”

“ಅಮ್ಮನಿಗೆ ಹೇಳಲಿಲ್ವಾ?”

“ಹೇಳಿದೆ. ನಂಬಲಿಲ್ಲ. ‘ಬನಾಹಾ ಅಂಥವಳಲ್ಲ, ಇರು, ಅವಳನ್ನೇ ಕೇಳಿ ಬರ್ತೀನಿ’ ಅಂತ ಹೋದಳು. ವಾಪಸು ಬಂದವಳು ನನ್ನ ಜೊತೆ ಮಾತಾಡಲಿಲ್ಲ. ನೀವು ಏನಂದ್ರಿ ಅಂತ ಇವತ್ತಿನ ತನಕ ನನಗೆ ಗೊತ್ತಿರಲಿಲ್ಲ.”

ಅಂದರೆ, ಎಲೆನಕ್ಕ ಆ ದಿನ ಬಂದದ್ದು ಅನುಮಾನ ಹೊತ್ತುಕೊಂಡಲ್ಲ. ನನ್ನ ಮೇಲಿನ ನಂಬಿಕೆ ಹೊತ್ತುಕೊಂಡು. ಹೆತ್ತ ಮಗಳ ಮಾತಿಗಿಂತ ನನ್ನ ಮಾತನ್ನು ದೊಡ್ಡದು ಮಾಡಿಕೊಂಡು —

ಲೂಸಿಯಾ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎರಡರಲ್ಲಿ ಯಾವುದನ್ನೂ ನಾನು ಬೇಡಲಿಲ್ಲ. ನಮ್ಮವರಿಗೂ ಅವತ್ತೇ ಹೇಳಿದೆ. ಇನ್ನು ಯಾರು ಕೇಳಿದರೂ ಹೇಳುತ್ತೇನೆ.

ಮಗ್ಗ ಹಾಗೇ ಇತ್ತು. ಪಟ್ಟಿಯ ಆರಂಭದ ಗೀರುಗಳನ್ನು ಎಲೆನಕ್ಕ ನೇಯ್ದು ಮುಗಿಸಿದ್ದಾರೆ. ಆಕೃತಿ ಶುರುವಾಗಬೇಕಾದ ಕಡೆ ನಿಂತಿದೆ. ಅಲ್ಲಿಂದ ಮೇಲೆ ಬರೀ ನೂಲು. ಲೂಸಿಯಾ ಅದನ್ನು ಬೆರಳಿನಿಂದ ಮುಟ್ಟಿದಳು, ಎರಡೆಳೆ ಎತ್ತಿದಳು, ಬಿಟ್ಟಳು. ಅವಳಿಗೆ ಬರುವುದಿಲ್ಲ, ಕಲಿಯಬೇಕಾದ ವರ್ಷ ಅವಳು ಮನೆ ಬಿಟ್ಟಿದ್ದಳು. ಕಣ್ಣು ಮುಚ್ಚಿಕೊಂಡರೂ ನಾನು ಆ ಆಕೃತಿಯನ್ನು ರಂಗೋಲಿ ಪುಡಿಯಲ್ಲಿ ಹಾಕಬಲ್ಲೆ, ನೇಯಲಾರೆ. ನೇಯಲು ಬಂದಿದ್ದರೂ ಅದು ನನ್ನ ಕೈಯಿಂದ ಆಗಬೇಕಾದ ಕೆಲಸವಲ್ಲ.

ಲೂಸಿಯಾ ಮಗ್ಗವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದಳು. ಪಟ್ಟಿಯಲ್ಲಿ ಕೆಂಪಿದೆ, ಕಪ್ಪಿದೆ, ಬಿಳಿಯಿದೆ. ಮಂಡಿಯೂರಿದ ಆ ಆಕೃತಿ ಇಲ್ಲ.