ಎದುರುಮನೆ ಅತ್ತೆ ಮಾರಿಸಿಕೊಟ್ಟ ಮನೆ

ಎದುರುಮನೆ ಅತ್ತೆಯ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವಾಗಲೋ ರುಬ್ಬುಗುಂಡು ಬಿದ್ದು ಹೋದದ್ದಂತೆ. ಆ ಬೆರಳಿನಡಿ ಒದ್ದೆ ಬಟ್ಟೆ ಒತ್ತಿ, ಸೊಂಟಕ್ಕೆ ಕೈಯಿಟ್ಟು, ಬಗ್ಗದೆಯೇ ಇಡೀ ನಡುಮನೆ ಒರೆಸಿಬಿಡುವರು. ಒರೆಸುತ್ತಲೇ ಜಗಳ. ಮಂಡ್ಯದ ನಮ್ಮ ಬೀದಿಯಲ್ಲಿ ನನ್ನೊಡನೆ ವಾದಕ್ಕೆ ನಿಲ್ಲುತ್ತಿದ್ದವರು ಅವರೊಬ್ಬರೇ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಕಪ್ಪುಗಳನ್ನು ನೋಡಿ, "ಇದ್ರಲ್ಲಿ ಕಾಫಿ ಕುಡಿಯಾಕಾಯ್ತದಾ?" ಎಂದು ಕೇಳಿದವರೂ ಅವರೇ. ರಕ್ತಸಂಬಂಧವೇನೂ ಇಲ್ಲ. ಎದುರಿಗಿದ್ದರು, ಅತ್ತೆಯಾದರು.

ಅಮ್ಮನಿಗೆ ಮಳವಳ್ಳಿಯ ಶಾಲೆಗೆ ವರ್ಗವಾಗಿತ್ತು. ದಿನಾ ಬಸ್ಸಿನಲ್ಲಿ ಹೋಗಿಬಂದು ಮಂಡಿ ಊದಿಕೊಳ್ಳುತ್ತಿತ್ತು. ಇದ್ದದ್ದು ನಾವಿಬ್ಬರೇ, ಈ ಮನೆ ಮಾರಿದರಷ್ಟೇ ಅಲ್ಲೊಂದು ಕೊಳ್ಳಲು ಸಾಧ್ಯ. ಮನೆ ಮಾರಿಸುವ ಆಪ್‌ನವರು ಫೋಟೊದವನನ್ನು ಕಳಿಸಿದರು. ನೋಡಿದವರಿಗೆ ಇದು ಬೇರೆ ಯಾರದೋ ಮನೆ ಅನ್ನಿಸಬಾರದು ಎಂದು ಅವನು ದೇವರ ಪಟಗಳನ್ನು ಇಳಿಸಿದ, ತೋರಣ ಬಿಚ್ಚಿದ, ಹೊಸಿಲ ಮುಂದಿನ ರಂಗೋಲಿ ತೊಳೆಸಿದ. ನನಗೆ ಅವನ ತರ್ಕ ಹಿಡಿಸಿತು. ಆಮೇಲೆ ಬಂದ ಫೋನುಗಳಲ್ಲೆಲ್ಲ ಒಂದೇ ಪ್ರಶ್ನೆ: "ಆ ಮನೇಲಿ ಯಾರು ತೀರ್ಕಂಡ್ರು?"

ಅತ್ತೆ ನನ್ನ ಮೊಬೈಲಿನಲ್ಲಿ ಫೋಟೊ ನೋಡಿ ಹಣೆ ಚಚ್ಚಿಕೊಂಡರು.

"ರಂಗೋಲಿ ಇಲ್ಲ, ತೋರಣ ಇಲ್ಲ, ದೇವ್ರ ಪಟ ಇಲ್ಲ. ಸೂತಕದ ಮನೆ ಕಣೇ ಇದು! ಈಗ್ತಾನೆ ಹೆಣ ಎತ್ತವ್ರೆ ಅನ್ನಂಗದೆ. ಯಾರು ಬತ್ತರೆ?"

"ಸೂತಕ ಅನ್ನೋದೇ ಸುಳ್ಳು ಅತ್ತೆ."

"ಸುಳ್ಳೇ ಇರ್ಲಿ ಬುಡವ್ವ. ಮನೆ ತಗಳ್ಳೋಳು ನೀನಲ್ವಲ್ಲ."

ನನಗೆ ಸೂತಕದಲ್ಲಿ ನಂಬಿಕೆಯಿರಲಿಲ್ಲ, ಈಗಲೂ ಇಲ್ಲ. ಆದರೂ ಫೋಟೊದವನ ನಂಬರು ಹುಡುಕಿದೆ.

ಭಾನುವಾರ ಫೋಟೊದವನನ್ನು ಮತ್ತೆ ಕರೆಸಿದೆವು. ಅತ್ತೆ ಬೆಳಿಗ್ಗೆಯೇ ಬಂದು ಪಟಗಳನ್ನು ಒರೆಸಿ ತೂಗುಹಾಕಿದರು, ಹಳದಿಗಟ್ಟಿದ ಸ್ವಿಚ್ಚುಗಳನ್ನು ಟೂತ್‌ಪೇಸ್ಟಿನಲ್ಲಿ ಉಜ್ಜಿದರು, ತಮ್ಮ ಮನೆಯ ಪರದೆ ಬಿಚ್ಚಿ ತಂದು ನಮ್ಮ ಕಿಟಕಿಗೆ ಕಟ್ಟಿದರು. ಮಲಗುವ ಕೋಣೆಯ ಗೋಡೆಯಲ್ಲಿ ತೇವದ ಕಲೆಯೊಂದಿತ್ತು. ಅದರ ಮುಂದಕ್ಕೆ ಬೀರು ತಳ್ಳಿದರು. ನಾನು ಅಡ್ಡ ನಿಂತೆ.

"ಇದು ಮೋಸ."

"ಫೋಟೊ ತೆಗ್ಸೋವಾಗ ನೀನು ತಲೆ ಬಾಚ್ಕಳಲ್ವಾ? ಅದೂ ಮೋಸನೇಯಾ?"

"ಬಾಚಿದ ತಲೆ ನನ್ನದೇ ಅತ್ತೆ. ಈ ಗೋಡೆ ನಾಳೆ ಬೇರೆಯವರದು. ಗೊತ್ತಿಲ್ಲದೆ ಇದಕ್ಕಾನಿಸಿ ಮಗು ಮಲಗಿಸಿದರೆ?"

ಅತ್ತೆ ತಾವೇ ಸೊಂಟ ಕೊಟ್ಟು ಬೀರುವನ್ನು ಮೊದಲಿದ್ದ ಜಾಗಕ್ಕೆ ನೂಕುತ್ತ, "ತಮ್ಮಾ, ಈ ಕಲೆದೂ ಫೋಟೊ ತಗಿಯಪ್ಪ. ಇಲ್ದಿದ್ರೆ ಇವಳು ಕೋರ್ಟಿಗೋಯ್ತಳೆ" ಎಂದರು.

ಗೆದ್ದ ಹುರುಪಿನಲ್ಲಿ ಕೇಳಿಬಿಟ್ಟೆ: "ನಾವು ಹೋದ್ರೆ ನಿಮಗೇನು ಲಾಭ? ಜಗಳಕ್ಕೂ ಜನ ಇರಲ್ಲ."

ಅವರು ಹೊಸಿಲ ಮುಂದೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಎಳೆಯುತ್ತಿದ್ದರು. ತಲೆಯೆತ್ತಲಿಲ್ಲ.

"ನಿಮ್ಮವ್ವ ಸಂಜೆ ಬಸ್ಸಿಳಿದು ಬಂದೋಳು ಗೇಟು ಹಿಡ್ಕಂಡು ನಿಂತ್ಕತಳೆ. ನೋವು ಇಳಿಯೋಗಂಟ ಅಲ್ಲೇ. ಆಮೇಲೆ ಮುಖ ಒರೆಸ್ಕಂಡು ನಗ್ತಾ ಒಳಿಕ್ಕೋಯ್ತಳೆ. ಒಳಗಿರೋ ನಿಂಗೆ ಕಾಣಲ್ಲ. ನಂಗೆ ದಿನಾ ಕಾಣ್ತದೆ."

ಮದ್ದೂರಿನಿಂದ ಗಂಡ ಹೆಂಡತಿ ಮನೆ ನೋಡಲು ಬಂದರು. ಆಕೆ ತೇವದ ಗೋಡೆ ಮುಟ್ಟಿ ನೋಡಿದರು, ರಿಪೇರಿಯ ಮಾತಾಡಿದರು, ಹೊರಗೆ ಬಂದು ಎದುರುಮನೆಯವರು ಹೇಗೆ ಎಂದು ವಿಚಾರಿಸಿದರು. ಬೀದಿಯಾಚೆಯಿಂದಲೇ ಉತ್ತರ ಬಂತು: "ಬಾಳ ಜಗಳಗಂಟಿ ಕಣವ್ವ! ಯೋಚ್ನೆ ಮಾಡಿ ತಗಳಿ!" ಆಕೆ ನಕ್ಕುಬಿಟ್ಟರು. ಮನೆ ಹೋಯಿತು. ಅಮ್ಮ ಈಗ ಮಳವಳ್ಳಿಯಲ್ಲಿ ಶಾಲೆಗೆ ನಡೆದೇ ಹೋಗುತ್ತಾಳೆ.

ಹೋದ ವರ್ಷ ಅತ್ತೆ ತೀರಿಕೊಂಡರು. ನಾವು ಮಂಡ್ಯಕ್ಕೆ ಬಂದಾಗ ಜಗಲಿ ತುಂಬ ಜನ. ನಮ್ಮ ಮನೆ ಕೊಂಡ ಮದ್ದೂರಿನಾಕೆ ಅತ್ತು ಕೆಂಪಾದ ಕಣ್ಣಲ್ಲಿ ಬಂದವರಿಗೆಲ್ಲ ನೀರು ಕೊಡುತ್ತಿದ್ದರು. ಅತ್ತೆಯ ತಲೆಯ ಹತ್ತಿರ ಕೂತಿದ್ದ ನೆಂಟರ ಮುದುಕಿಯೊಬ್ಬರು ನಮ್ಮನ್ನು ತಡೆದರು.

"ನೀವ್ಯಾರವ್ವ?"

"ಎದುರುಮನೆಯೋರು" ಎಂದಳು ಅಮ್ಮ.

ತಪ್ಪು ಮಾತು ಕೇಳಿದರೆ ಬಿಡದವಳು ನಾನು, ಅದನ್ನು ತಿದ್ದಲಿಲ್ಲ. ಮದ್ದೂರಿನಾಕೆ ಚೊಂಬು ಕೆಳಗಿಟ್ಟರು.

"ಹೂಂ, ಎದುರುಮನೆಯೋರೇಯ. ವಸಿ ಸರ್ಕಳಿ, ಜಾಗ ಬುಡಿ."