ವಖಾರದೊಳಗಿನ ಸಡಿಲ ಜಾಳಿ

ನಮ್ಮ ಕಡೆ ಗ್ಯಾಲರಿ ಎಂದರೆ ಮಹಡಿಯ ಮೇಲೆ ಬಟ್ಟೆ ಒಣಹಾಕುವ ಜಾಗ. ಮದುವೆಯ ಮೆರವಣಿಗೆ ಹೋಗುವಾಗ ಹೆಂಗಸರು ಒಬ್ಬರ ಭುಜದ ಮೇಲೊಬ್ಬರು ಬಿದ್ದು ನೋಡುವ ಜಾಗವೂ ಅದೇ. ಹೀಗಾಗಿ ಮಗಳು ಫೋನ್ ಮಾಡಿ, "ಅವ್ವಾ, ನಿಪ್ಪಾಣ್ಯಾಗ ಗ್ಯಾಲರಿ ಒಳಗ ನಂದೊಂದು ಕೆಲಸ ಇಟ್ಟಾರ, ನೀವಿಬ್ಬರೂ ಬರಬೇಕು" ಎಂದಾಗ, ಪಕ್ಕದಲ್ಲೇ ಊಟಕ್ಕೆ ಕುಳಿತಿದ್ದ ನಮ್ಮ ಮನೆಯವರು ತಟ್ಟೆಯಿಂದ ತಲೆ ಎತ್ತದೆ ಕೇಳಿದರು: "ಯಾರ ಮನಿ ಗ್ಯಾಲರಿ?"

ಕನ್ನಡ ಶಾಲೆಯಲ್ಲಿ ಪಾಠ ಹೇಳಿಯೇ ಕೂದಲು ಬೆಳ್ಳಗಾದವಳು ನಾನು. ಬಿಡಿಸಿ ಹೇಳುವುದೆಂದರೆ ನನಗೆ ಎಲ್ಲಿಲ್ಲದ ಹುರುಪು. ನಿಪ್ಪಾಣಿಯಲ್ಲಿ ಒಂದು ಹಳೆಯ ತಂಬಾಕಿನ ವಖಾರ ಇದೆ, ಗೋದಾಮು. ವ್ಯಾಪಾರ ಇಳಿದ ಮೇಲೆ ಬೀಗ ಬಿದ್ದಿತ್ತು. ಆ ಮನೆತನದ ಸೊಸೆಯೊಬ್ಬಳು ಅದನ್ನು ತೊಳೆಸಿ, ಸುಣ್ಣ ಹೊಡೆಸಿ, ದೀಪ ಹಾಕಿಸಿ ಈಗಿನ ಕಲಾವಿದರ ಕೃತಿಗಳನ್ನು ಇಡಲು ಕೊಡುತ್ತಿದ್ದಾಳೆ. ಅದಕ್ಕೂ ಗ್ಯಾಲರಿ ಎನ್ನುತ್ತಾರೆ. ಇಷ್ಟನ್ನೂ ಕೇಳಿ ಅವರು, "ವಖಾರ ಅಂತ ಹೇಳ್ರಿ ಮತ್ತ. ಗ್ಯಾಲರಿ ಗ್ಯಾಲರಿ ಅಂತ ಅವ್ವ ಮಗಳು ಯಾಕ ತಲಿ ತಿಂತೀರಿ" ಎಂದು ಮಜ್ಜಿಗೆ ಸುರಿದುಕೊಂಡರು. ಬರುತ್ತೇನೆ ಎಂದೂ ಅನ್ನಲಿಲ್ಲ, ಒಲ್ಲೆ ಎಂದೂ ಅನ್ನಲಿಲ್ಲ.

ಈ ಹೋಗಿಬರುವುದರ ಹಿಂದೆ ಒಂದು ಶೆಡ್ಡಿನ ವಿಷಯವಿತ್ತು. ಅಥಣಿ ಹತ್ತಿರದ ಅನಂತಪುರದ ನಮ್ಮ ಹೊಲದಲ್ಲಿ, ದ್ರಾಕ್ಷಿ ಇದ್ದ ಕಾಲಕ್ಕೆ, ಒಣದ್ರಾಕ್ಷಿ ಮಾಡಲೆಂದು ಹಾಕಿಸಿದ ಶೆಡ್ ಅದು. ಕಬ್ಬಿಣದ ಕಂಬಗಳ ನಡುವೆ ಅಂತಸ್ತು ಅಂತಸ್ತಾಗಿ ಹಸಿರು ಜಾಳಿ, ಅಂದರೆ ನೈಲಾನಿನ ಬಲೆ, ಬಿಗಿದು ಕಟ್ಟಿ ಅದರ ಮೇಲೆ ಹಣ್ಣು ಹರವುತ್ತಿದ್ದೆವು. ಗಾಳಿ ಮೇಲಿಂದಲೂ ಕೆಳಗಿಂದಲೂ ಆಡಿ ಹಣ್ಣು ಒಣಗಬೇಕು. ಜಾಳಿ ಎಲ್ಲಾದರೂ ಜೋತುಬಿತ್ತೋ, ಹಣ್ಣು ಅಲ್ಲಿಗೆ ಜಾರಿ ಗುಂಪಾಗಿ ಕೊಳೆಯುತ್ತದೆ. ಅದಕ್ಕೇ ನಮ್ಮ ಮನೆಯವರು ಶೆಡ್ಡಿನಲ್ಲಿ ನಡೆದಾಡುವಾಗಲೆಲ್ಲ ಅಂಗೈಯಿಂದ ಜಾಳಿಯನ್ನು ತಟ್ಟುತ್ತಾ, ಸಡಿಲ ಕಂಡಲ್ಲಿ ಹುರಿ ಬಿಗಿಯುತ್ತಾ ಹೋಗುತ್ತಿದ್ದರು. ನನ್ನ ಜೊತೆ ಮಾತಾಡುತ್ತಿದ್ದರೂ ಕೈ ಮಾತ್ರ ಅಲ್ಲೇ ಇರುತ್ತಿತ್ತು.

ಒಂದು ವರ್ಷ ಹಣ್ಣು ಜಾಳಿಯ ಮೇಲಿರುವಾಗಲೇ ಅಕಾಲದ ಮಳೆ ಅಡ್ಡಡ್ಡ ಬೀಸಿ ಬಂದು ಎಲ್ಲವನ್ನೂ ಕಪ್ಪು ಮಾಡಿ ಹೋಯಿತು. ಮುಂದೆ ಅವರು ಬಳ್ಳಿ ಕಿತ್ತು ಕಬ್ಬು ಹಚ್ಚಿದರು. ಕಬ್ಬಿನಲ್ಲಿ ಚೆನ್ನಾಗಿಯೇ ಇದ್ದೇವೆ, ಉಣ್ಣಲು ಉಡಲು ಏನೂ ಕೊರತೆಯಿಲ್ಲ. ಆದರೆ ಆ ಮಳೆಯ ಮಾತನ್ನು ಅವರು ಇಂದಿಗೂ ಆಡಿಲ್ಲ. ಬೇರೆಯವರು ಎತ್ತಿದರೆ ಟೊಪ್ಪಿಗೆ ಸರಿಮಾಡಿಕೊಂಡು ಎದ್ದು ಹೋಗುತ್ತಾರೆ.

ಶೆಡ್ ಖಾಲಿ ನಿಂತಿತ್ತು. ಧಾರವಾಡದಲ್ಲಿ ಚಿತ್ರಕಲೆ ಓದಿ, ಈಗ ಅಥಣಿಯ ಶಾಲೆಯೊಂದರಲ್ಲಿ ಅದನ್ನೇ ಕಲಿಸುವ ಮಗಳು ಆ ಶೆಡ್ಡನ್ನು ಕೇಳಿದ್ದಳು. ಬಾಡಿಗೆ ಕೋಣೆಯಲ್ಲಿ ಕೈಚಾಚಿದರೆ ಗೋಡೆ, ದೊಡ್ಡ ಕೆಲಸ ಮಾಡಲು ಜಾಗ ಬೇಕು ಎಂದಳು. ಇವರು ಅದನ್ನು ಕೀಳಿಸಿ ಕಬ್ಬಿಣವನ್ನು ಭಂಗಾರದವನಿಗೆ, ಅದೇ ಗುಜರಿಯವನಿಗೆ, ಹಾಕಬೇಕೆಂದಿದ್ದರು. ಅವನಿಗೆ ಬರಹೇಳಿಯೂ ಆಗಿತ್ತು. ಮಗಳು ಪಟ್ಟು ಬಿಡದಾಗ ಒಂದು ಮಾತು ಕೊಟ್ಟರು: "ಮೊದಲ ನೀ ಮಾಡೂದು ಏನಂತ ನೋಡ್ತೀನಿ. ಆಮ್ಯಾಲ ಹೇಳ್ತೀನಿ." ಧಾರವಾಡದಲ್ಲಿ ಅವಳು ಬೇಕಾದಷ್ಟು ಪರೀಕ್ಷೆ ಪಾಸಾಗಿದ್ದಳು, ಆದರೆ ಇಂಥ ಪರೀಕ್ಷಕರು ಅಲ್ಲಿ ಸಿಕ್ಕಿರಲಿಲ್ಲ.

ನನಗೆ ಮಗಳ ಬಗ್ಗೆ ಅನುಮಾನವಿರಲಿಲ್ಲ. ಅವಳ ಕೈ ನನಗೆ ಗೊತ್ತು, ಗಂಡನ ಹಟವೂ ಗೊತ್ತು. ಎರಡನ್ನೂ ಒಂದೇ ಕೋಣೆಯಲ್ಲಿ ಎದುರುಬದುರು ನಿಲ್ಲಿಸಿದರೆ ಯಾವುದು ಮೇಲಾಗುತ್ತದೆ ಎಂಬುದಷ್ಟೇ ಗೊತ್ತಿರಲಿಲ್ಲ. ಹಾಗೆ ನೋಡಿದರೆ ನಾನೂ ಕೈ ಕಟ್ಟಿ ಕುಳಿತವಳಲ್ಲ. ಶೆಡ್ಡಿನ ಮೂಲೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಜಾಳಿಗಳನ್ನು ಒಯ್ಯಲೇ ಎಂದು ಮಗಳು ಕೇಳಿದಾಗ, ಒಯ್ಯಿ ಎಂದೆ. ಇವರು ಕೇಳಿದರೆ ಪಕ್ಕದ ಹೊಲದವರ ಆಡಿನ ದೊಡ್ಡಿಗೆ ಕೊಟ್ಟೆ ಎಂದರಾಯಿತು ಎಂದುಕೊಂಡಿದ್ದೆ. ಅವರು ಕೇಳಲೇ ಇಲ್ಲ.

ಹೊರಟ ದಿನ ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪೈಜಾಮ ಹಾಕಿದರು. ಬೀಗರ ಮನೆಗೆ ಹೋಗುವವರಂತೆ ಟೊಪ್ಪಿಗೆಯನ್ನು ಕನ್ನಡಿಯಲ್ಲಿ ನೋಡಿ ಇಟ್ಟುಕೊಂಡರು. ನಾನು ನೋಡಿದರೂ ನೋಡದವಳ ಹಾಗೆ ಕಾರು ಹತ್ತಿದೆ. ಉಗಾರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡೆವು. ಎರಡೆರಡು ಟ್ರೇಲರಿನ ಮೆರವಣಿಗೆ, ಮುಂದಿನದರಲ್ಲಿ ಕಿವಿ ಕಿತ್ತುಹೋಗುವಂಥ ಹಾಡು. ಇವರು ಹಾರ್ನ್ ಕೂಡ ಮಾಡದೆ ಹಿಂದೆ ಹಿಂದೆ ನಡೆಸಿದರು. ತಡವಾದಷ್ಟೂ ಒಳ್ಳೆಯದು ಎಂಬಂತಿತ್ತು ಅವರ ಗತ್ತು.

ವಖಾರದ ಬಾಗಿಲು ಎತ್ತಿನ ಬಂಡಿ ಒಳಗೆ ಹೋಗುವಷ್ಟು ದೊಡ್ಡದು. ಒಳಗೆ ಕಾಲಿಟ್ಟವರೇ ಇಬ್ಬರೂ ಸೀನಿದೆವು. ಗೋಡೆಗೆ ಎಷ್ಟು ಸುಣ್ಣ ಹೊಡೆದರೂ ತಂಬಾಕು ಆ ಕಟ್ಟಡವನ್ನು ಬಿಟ್ಟು ಹೋಗಿಲ್ಲ. ನೆಲದ ಕಲ್ಲಿನ ಸಂದಿಯಲ್ಲಿ, ತೊಲೆಯ ಮೇಲೆ, ಎಲ್ಲ ಕಡೆ ಅದರ ಘಾಟು ಕುಳಿತಿದೆ. ಆ ಮನೆಯ ಸೊಸೆ ಬಾಗಿಲಲ್ಲೇ ಎದುರಾಗಿ, "ಬರ್ರಿ, ಬರ್ರಿ. ಸೀನ್ರಿ, ಏನೂ ಸಂಕೋಚ ಮಾಡಕೋಬ್ಯಾಡ್ರಿ, ಇಲ್ಲಿ ಎಲ್ಲಾರೂ ಸೀನತಾರ" ಎಂದಳು. ಹುಡುಗಿ ಬುದ್ಧಿವಂತೆ. ಬಂದವರ ಬಿಗುಮಾನವೆಲ್ಲ ಮೊದಲ ಸೀನಿಗೇ ಉದುರಿಹೋಗುತ್ತದೆ.

ನನಗೆ ಕಲೆ ತಿಳಿಯುವುದಿಲ್ಲ ಎಂದು ಹೇಳಿಕೊಳ್ಳುವ ವಿನಯ ನನ್ನಲ್ಲಿಲ್ಲ. ಕಣ್ಣಿದೆ, ನೋಡುತ್ತೇನೆ, ಸೇರಿದ್ದನ್ನು ಸೇರಿತು ಎನ್ನುತ್ತೇನೆ. ಒಂದು ಖಾಲಿ ಕುರ್ಚಿ ಇಟ್ಟು ಪಕ್ಕದಲ್ಲಿ ಮಾರುದ್ದ ಬರೆದಿದ್ದರು. ಕುರ್ಚಿಗಿಂತ ಬರಹವೇ ಹೆಚ್ಚು ಜಾಗ ಹಿಡಿದಿತ್ತು, ನನಗೆ ಸೇರಲಿಲ್ಲ. ಇನ್ನೊಂದು ಕಡೆ ದೊಡ್ಡ ಪರದೆಯ ಮೇಲೆ ಹೊಳೆಯಲ್ಲಿ ಎಮ್ಮೆಯ ಮೈ ತೊಳೆಯುವ ದೃಶ್ಯ ಓಡುತ್ತಿತ್ತು. ಶಬ್ದವಿಲ್ಲ, ಅವಸರವಿಲ್ಲ. ಅದು ಸೇರಿತು. ಇವರೂ ಅದರ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ, "ಎಮ್ಮಿ ಚಲೋ ಐತಿ. ಪಂಢರಪುರಿ ಜಾತಿ. ಕೋಡು ನೋಡು ಹೆಂಗದಾವು" ಎಂದರು. ಅಲ್ಲಿ ನಿಂತಿದ್ದ ಕಲಾವಿದನ ಮುಖ ಅರಳಿತು, ಅಷ್ಟು ಸಾಕಾಗಿತ್ತು ಅವನಿಗೆ.

ಮಗಳ ಕೆಲಸ ತೀರ ಒಳಗೆ, ಕಟ್ಟಿಗೆಯ ಕಂಬಗಳ ನಡುವೆ ಇತ್ತು. ಮಾಡಿನ ಹತ್ತಿರದಿಂದ ಹಿಡಿದು ಕೆಳಗಿನವರೆಗೆ ಅಂತಸ್ತು ಅಂತಸ್ತಾಗಿ ನಮ್ಮ ಹಸಿರು ಜಾಳಿಗಳು. ಆದರೆ ಒಂದೂ ಬಿಗಿಯಾಗಿರಲಿಲ್ಲ. ಎಲ್ಲವೂ ನಡುವೆ ಜೋತುಬಿದ್ದು, ಮಗು ಮಲಗಿದ ಜೋಳಿಗೆಯ ಹಾಗೆ ಕೆಳಗೆ ಇಳಿದಿದ್ದವು. ಹಳೆಯ ಕಪ್ಪು ಕಲೆಗಳು ಹಾಗೆಯೇ ಇದ್ದವು. ಮೇಲಿನ ಕಿಂಡಿಯ ಬೆಳಕು ಎಲ್ಲವನ್ನೂ ದಾಟಿ ನೆಲಕ್ಕೆ ಬರುವ ಹೊತ್ತಿಗೆ ಹಸಿರಾಗುತ್ತಿತ್ತು. ಗೋಡೆಯ ಚಿಕ್ಕ ಹಲಗೆಯ ಮೇಲೆ ಹೆಸರು: "ಮರುದಿನ". ಆ ಮಳೆಯ ಮರುದಿನ ಎಂದು ನನಗೆ ಅಲ್ಲೇ ಅರ್ಥವಾಯಿತು. ಮಗಳು ದೂರದಲ್ಲಿ ಯಾರೊಡನೆಯೋ ಮಾತಾಡುತ್ತ, ನನಗೆ ಕಣ್ಣಲ್ಲೇ ಇತ್ತ ಬಾ ಎಂದಳು. ಅಪ್ಪ ಒಬ್ಬನೇ ನೋಡಲಿ ಎಂಬುದು ಅವಳ ಆಸೆ. ನಾನು ಚಹಾ ಕೊಡುವ ಕಡೆ ಸರಿದೆ.

ಚಹಾ ಬಾಯಿಗೆ ಹೋಗಿತ್ತೋ ಇಲ್ಲವೋ, ಅಲ್ಲಿಯ ಕಾವಲುಗಾರ ಮರಾಠಿಯಲ್ಲೂ ಕನ್ನಡದಲ್ಲೂ ಕೂಗಿಕೊಂಡ: "ಕಾಕಾ, ಹಾತ ಲಾವೂ ನಕಾ! ಕೈ ಹಚ್ಚಬ್ಯಾಡ್ರಿ!"

ತಿರುಗಿ ನೋಡಿದರೆ ನಮ್ಮ ಮನೆಯವರು ಅಂಗಿಯ ತೋಳು ಮಡಚಿಕೊಂಡು ಜಾಳಿ ಬಿಗಿಯುತ್ತಿದ್ದಾರೆ! ಮೇಲಿನ ಒಂದನ್ನು ಆಗಲೇ ಎಳೆದು ಕಟ್ಟಿ ನೆಟ್ಟಗೆ ಮಾಡಿದ್ದರು, ಎರಡನೆಯದರ ಹುರಿ ಹಲ್ಲಲ್ಲಿ ಕಚ್ಚಿಕೊಂಡಿದ್ದರು. ಹುರಿ ಬಾಯಿಂದ ತೆಗೆದು ಕಾವಲುಗಾರನಿಗೇ ತಿರುಗಿ ಗದರಿದರು: "ಸಡ್ಲ ಆಗೈತಿ ಕಾಣಂಗಿಲ್ಲೇನ? ಹಿಂಗ ಬಿಟ್ರ ಎಲ್ಲಾ ಒಂದ ಕಡೆ ಬರ್ತೈತಿ. ಹಿಡಿ ಆ ತುದಿ." ಅವನು ಗಾಬರಿಯಲ್ಲಿ ಹಿಡಿದೂ ಬಿಟ್ಟ. ಬೆಳಗಾವಿಯಿಂದ ಬಂದಿದ್ದ ಹುಡುಗಿಯೊಬ್ಬಳು ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತ ನನ್ನ ಕಿವಿಯಲ್ಲಿ ಕೇಳಿದಳು: "ಅಂಕಲ್ ಸೈತ ಇದರಾಗ ಅದಾರೇನ್ರಿ?"

"ಮೊದಲಿಂದನೂ ಅದಾರವಾ" ಎಂದೆ. ನಗು ಬರುತ್ತಿತ್ತು. ಆದರೆ ಮಗಳು ಬರುವ ರಭಸ ನೋಡಿ ನಗು ನುಂಗಿಕೊಂಡೆ.

"ಅಪ್ಪಾ, ಬಿಡು ಅದನ್ನ!"

"ಸಡ್ಲ ಐತಿ."

"ಸಡ್ಲ ಇರಬೇಕು."

"ಸಡ್ಲ ಜಾಳಿ ಯಾವ ಮಗಾ ಕಟ್ತಾನ?"

"ನಾ ಕಟ್ಟೀನಿ. ಬೇಕಂತನ ಕಟ್ಟೀನಿ. ಅವತ್ತ ಹೆಂಗಿತ್ತೋ ಹಂಗ."

ಅವರ ಕೈ ಹುರಿಯ ಮೇಲೇ ನಿಂತಿತು. ಜಾಳಿಯ ಮೇಲೆ ಕಣ್ಣಾಡಿಸಿದರು. ಒಂದು ಕಡೆ ಹರಿದದ್ದನ್ನು ನೀಲಿ ದಾರದಿಂದ ಹೊಲಿಯಲಾಗಿತ್ತು. ಹೊಲಿದವರು ಅವರೇ. ಬೆರಳು ಅದರ ಮೇಲೆ ಹೋಯಿತು. ಆಮೇಲೆ ನನ್ನ ಕಡೆ ನೋಡಿದರು.

"ನಮ್ಮ ಜಾಳೀನ ರೀ," ಎಂದೆ, "ನಾನ ಕೊಟ್ಟೀನಿ." ಆಡಿನ ದೊಡ್ಡಿಯ ಮಾತು ಬಾಯಿಗೆ ಬರಲೇ ಇಲ್ಲ.

ಮಗಳು ಉಸಿರು ಎಳೆದುಕೊಂಡಳು. ಸುತ್ತ ಜನ ನಿಂತಿದ್ದಾರೆ ಎಂಬುದೂ ಅವಳಿಗೆ ಆಗ ಬೇಕಿರಲಿಲ್ಲ. "ಮಳಿ ಬಂದ ಮರುದಿನ ಮುಂಜಾನೆ ನೀ ನನಗ ಮನಿಗೆ ಹೋಗು ಅಂದಿ. ನಾ ಹೋಗಲಿಲ್ಲ, ಪೀಪಾಯಿ ಹಿಂದ ನಿಂತಿದ್ನಿ. ನೀ ಜಾಳಿ ಕೆಳಗ ಹೋಗಿ ಕುಂತಿ. ಮ್ಯಾಲಿಂದ ಕರೇ ನೀರು ನಿನ್ನ ಮ್ಯಾಲ ತಟತಟ ಬೀಳತಿತ್ತು. ನೀ ಏಳಲೇ ಇಲ್ಲ. ನಾ ಅಷ್ಟ ಮಾಡೀನಿ ಅಪ್ಪಾ. ಮತ್ತೇನೂ ಮಾಡಿಲ್ಲ."

ಇದು ನನಗೂ ಗೊತ್ತಿರಲಿಲ್ಲ. ಅವತ್ತು ಈ ಮನುಷ್ಯ ಮನೆಗೆ ಬಂದು, ಕೈಕಾಲು ತೊಳೆದು, ಎರಡು ರೊಟ್ಟಿ ತಿಂದು, ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಮಲಗಿದ್ದರು. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಇಷ್ಟು ವರ್ಷ ಅದನ್ನು ಒಬ್ಬರೇ ಹೊತ್ತುಕೊಂಡು ತಿರುಗಿದರಲ್ಲ ಎಂದು ಸಿಟ್ಟು. ಇವಳೂ ಹಾಗೆಯೇ ಹೊತ್ತುಕೊಂಡಿದ್ದಳಲ್ಲ, ಅಪ್ಪನಿಗೆ ತಕ್ಕ ಮಗಳು.

ಇವರು ಟೊಪ್ಪಿಗೆ ಸರಿಮಾಡಿಕೊಂಡರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಟೊಪ್ಪಿಗೆಗೆ ಕೈ ಹೋಯಿತೆಂದರೆ ಮುಂದಿನದು ಬಾಗಿಲು, ಅದರ ಮುಂದೆ ಕಾರು, ಅದರ ಮುಂದೆ ಭಂಗಾರದವನು. ಮಗಳಿಗೂ ಅದು ಗೊತ್ತು. ಅವಳು ತಡೆಯಲಿಲ್ಲ, ಗೋಗರೆಯಲಿಲ್ಲ. ಗಟ್ಟಿಯಾಗಿ ನಿಂತೇ ಇದ್ದಳು. ಆ ಕ್ಷಣ ಅವಳನ್ನು ನೋಡಿ ನನಗೆ ಬಹಳ ಹೆಮ್ಮೆಯಾಯಿತು.

ಅವರು ಬಾಗಿಲ ಕಡೆ ತಿರುಗಲಿಲ್ಲ. ತಾವು ಬಿಗಿದಿದ್ದ ಮೇಲಿನ ಗಂಟನ್ನು ಉಗುರಿನಿಂದ ಬಿಚ್ಚಿದರು. ಜಾಳಿ ಸರ್ರನೆ ಇಳಿದು ಮೊದಲಿನಂತೆ ಜೋತುಬಿತ್ತು. ಎರಡನೆಯದನ್ನೂ ಬಿಟ್ಟರು. ಆಮೇಲೆ ಬಗ್ಗಿ, ತಾವು ಮುಟ್ಟೇ ಇರದಿದ್ದ ತೀರ ಕೆಳಗಿನದಕ್ಕೆ ಕೈ ಹಾಕಿದರು. ಕಾವಲುಗಾರ ಮುಂದೆ ಬಂದ. ಮಗಳು ಕೈ ಅಡ್ಡ ಹಿಡಿದು ಅವನನ್ನು ನಿಲ್ಲಿಸಿದಳು.

"ಇದು ಇಷ್ಟ ಮ್ಯಾಲ ಇರಲಿಲ್ಲ" ಎಂದರು.

"ಎಲ್ಲಿತನಕ ಇತ್ತು ಅಪ್ಪಾ? ನಾ ದೂರ ಇದ್ನಿ. ನನಗ ಸರಿ ಕಾಣಲಿಲ್ಲ."

ಅವರು ಒಂದು ಕೈ ಮೊಣಕಾಲಿಗೆ ಊರಿ ಮೆಲ್ಲಗೆ ಕುಳಿತು, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲೇ ನೆಲದ ಮೇಲೆ ಸರಿದು ಜಾಳಿಯ ಕೆಳಗೆ ಹೋದರು. ಚಕ್ಕಳಮಕ್ಕಳ ಹಾಕಿ, ಬೆನ್ನು ಬಾಗಿಸಿ ಕುಳಿತರು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಯಾರೂ ಸೀನಲಿಲ್ಲ, ಆ ಹುಡುಗಿ ಮೊಬೈಲನ್ನು ಕೆಳಗಿಳಿಸಿದಳು.

"ತಲಿಗಿ ಹತ್ತತಿತ್ತು" ಎಂದರು. "ಬಿಡು ಕೆಳಗ."

ಮಗಳು ಹುರಿ ಬಿಟ್ಟಳು. ಜಾಳಿ ಇಳಿದು ಅವರ ಬೋಳು ತಲೆಗೆ ತಾಕಿತು. ಅವರು ಕಣ್ಣು ಮುಚ್ಚಿದರು.

"ಹಾಂ. ಇಲ್ಲಿತನಕ. ಈಗ ಕಟ್ಟು."

ಅವಳು ಮಂಡಿಯೂರಿ ಕಟ್ಟತೊಡಗಿದಳು. ಗಂಟು ಎರಡು ಸಲ ಜಾರಿತು. ಕಣ್ಣೀರು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನಾನಂತೂ ಸೆರಗಿನಲ್ಲಿ ಧಾರಾಳವಾಗಿ ಒರೆಸಿಕೊಂಡೆ, ಯಾರ ಮುಲಾಜಿದೆ ನನಗೆ? ಇವರು ಜಾಳಿಯ ಕೆಳಗಿನಿಂದಲೇ, ತಲೆ ಅಲುಗಿಸದೆ, ಅವಳು ಕಟ್ಟಿ ಮುಗಿಸುವವರೆಗೆ ಕಾದು ಹೇಳಿದರು:

"ಭಂಗಾರದವಗ ಬರಬ್ಯಾಡ ಅಂತ ಹೇಳ್ತೀನಿ. ಮುಂದಿನ ಕೆಲಸ ಶೆಡ್ಡಿನ್ಯಾಗ ಕಟ್ಟು. ನಾ ಅಲ್ಲೇ ಬಂದು ಕುಂದರತೀನಿ."